ಮರಳಲ್ಲಿ ಕೈಹಿಡಿದ ಅಣ್ಣನಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆವು ಅಣ್ಣಾ. ಮರಳು ದಿಬ್ಬದ ಬುಡದಲ್ಲಿ ನಮ್ಮ ಮೂರು ಕ್ಯಾಂಪರ್‌ವ್ಯಾನ್‌ಗಳಲ್ಲಿ ನಡುವಿನದು ಆಕ್ಸಲ್‌ವರೆಗೆ ಹೂತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಸುಮ್ನೆ ತಿರುಗಿ ಇನ್ನೂ ಕೆಳಗಿಳಿಯುತ್ತಿತ್ತು. ನೀವು ಬಂದವರೇ ಮೊದಲು ಎಂಜಿನ್ ಆಫ್ ಮಾಡಿಸಿದಿರಿ. ಆಮೇಲೆ ಮಂಡಿಯೂರಿ ಕೂತು, ಸಣ್ಣ ಕಡ್ಡಿಯಿಂದ ವಾಲ್ವ್ ಒತ್ತಿ ಹಿಡಿದು, ಒಂದೊಂದೇ ಟೈರಿನ ಗಾಳಿಯನ್ನು 20 ಪಿಎಸ್ಐಗೆ ಇಳಿಸಿದಿರಿ. ಟೈರ್ ಅಗಲವಾಗಿ ಕೂತರೆ ಭಾರ ಹಂಚಿಹೋಗುತ್ತೆ, ಅಲ್ವಾ? ಅಷ್ಟು ಓದಿಕೊಂಡು ಹೊರಟಿದ್ದ ನಮಗೆ ಇದೊಂದು ಹೊಳೆದಿರಲಿಲ್ಲ! ಚಕ್ರದ ಮುಂದಿನ ಮರಳನ್ನು ಬರಿಗೈಯಲ್ಲೇ ಬಾಚಿ, ವ್ಯಾನಿನ ಮ್ಯಾಟ್ ತುರುಕಿದಿರಿ. ಮೆಲ್ಲಗೆ ಎದ್ದು ಬಂತು. ಗಟ್ಟಿ ರಸ್ತೆ ಸಿಕ್ಕ ತಕ್ಷಣ ಗಾಳಿ ತುಂಬಿಸಿ ಎಂದು ಎರಡೆರಡು ಸಲ ಹೇಳಿ ಹೊರಟೇಬಿಟ್ಟಿರಿ. ಒಂದು ಲೋಟ ನೀರೂ ಕುಡಿಯಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ. ಮ್ಯಾಟ್ ಕೊಡವಿದರೆ ಇವತ್ತಿಗೂ ಮರಳು ಉದುರುತ್ತದೆ.