ಸಡಿಲ ಕೀಲಿನ ಬಾಣಂತಿಯ ಮಾತನ್ನೂ ಕೇಳಿ

ಮಾನ್ಯ ಸಂಪಾದಕರೇ,

ನನ್ನ ತಂಗಿ ಚಿಕ್ಕಂದಿನಿಂದಲೂ ಹೆಬ್ಬೆರಳನ್ನು ಬಗ್ಗಿಸಿ ಮುಂಗೈಗೆ ತಾಗಿಸುತ್ತಿದ್ದಳು. ಮನೆಯಲ್ಲಿ ಅದನ್ನು ಆಟ ಅಂದುಕೊಂಡಿದ್ದೆವು. ಬಸುರಿಯಾದಾಗ ಐದನೇ ತಿಂಗಳಿಗೇ ಸೊಂಟದ ಕೀಲು ನೋವು ಶುರುವಾಯಿತು. ರಾತ್ರಿ ಮಗ್ಗುಲು ಬದಲಿಸಲು ಮಂಚದ ಅಂಚು ಹಿಡಿದು ಅಳುತ್ತಿದ್ದಳು. ‘ಬಸುರಿಯರಿಗೆ ಇದೆಲ್ಲ ಇದ್ದದ್ದೇ’ ಎಂದರು ಆಸ್ಪತ್ರೆಯಲ್ಲಿ. ಹೆರಿಗೆಯಾದ ಮೇಲೆ ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಹಿಡಿಯಲೇ ಇಲ್ಲ. ನೋವಾಗ್ತಿದೆ ಎಂದರೆ ‘ಸುಮ್ನಿರಮ್ಮ’ ಎಂದು ಗದರಿದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅವಳಿಗಿರುವುದು ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್ ಎಂದು ಆಮೇಲೆ ತಿಳಿಯಿತು. ಕೀಲುಗಳನ್ನು ಹಿಡಿದಿಡುವ ಅಂಗಾಂಶವೇ ಸಡಿಲ. 2017ರ ವರ್ಗೀಕರಣದಲ್ಲಿ ಇದರ 13 ಬಗೆಗಳಿವೆ. ಇಂಥವರಲ್ಲಿ ಕೆಲವರಿಗೆ ಮರಗಟ್ಟಿಸುವ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಹೆರಿಗೆ ಬೇಗ ಆಗಿಬಿಡಬಹುದು, ರಕ್ತಸ್ರಾವ ಜಾಸ್ತಿ ಆಗಬಹುದು, ಹೊಲಿಗೆ ಮಾಯಲು ತಡವಾಗಬಹುದು. ಕಾಲನ್ನು ಜೋರಾಗಿ ಅಗಲಿಸಿದರೆ ಕೀಲು ಜಾರುವ ಭಯವೂ ಇದೆ. ರಕ್ತನಾಳಗಳನ್ನು ಕಾಡುವ ಅಪರೂಪದ ಬಗೆಯಲ್ಲಂತೂ ಗರ್ಭಕೋಶ ಹರಿದು ಜೀವಕ್ಕೇ ಕುತ್ತು ಬರಬಹುದು. ಅಂಥವರಿಗೆ ಮೊದಲಿನಿಂದಲೇ ದೊಡ್ಡ ಆಸ್ಪತ್ರೆಯ ಆರೈಕೆ ಬೇಕು.

ತಾಯಿ ಕಾರ್ಡ್ ಬರೆಯುವಾಗಲೇ ಎರಡು ಪ್ರಶ್ನೆ ಕೇಳಲಿ: ಕೀಲು ಆಗಾಗ ಜಾರುತ್ತದೆಯೇ? ಹಲ್ಲು ಕೀಳಿಸುವಾಗ ಇಂಜೆಕ್ಷನ್ ಹಿಡಿದಿತ್ತೇ? ಉತ್ತರವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟರೆ ಹೆರಿಗೆ ಕೋಣೆಯಲ್ಲಿರುವವರ ಕಣ್ಣಿಗೆ ಬೀಳುತ್ತದೆ, ಅಲ್ವಾ? ತಂಗಿ ಈಗ ಎರಡನೇ ಸಲ ಬಸುರಿ. ಈ ಸಲ ಅರಿವಳಿಕೆ ವೈದ್ಯರನ್ನು ಏಳನೇ ತಿಂಗಳಲ್ಲೇ ಕಂಡು ಬಂದಿದ್ದೇವೆ.

– ಓದುಗರೊಬ್ಬರು, ಹಾಸನ