ಎಂದೂ ಓಡದ ಸಾಲುಗಳ ಬಗ್ಗೆ

ಸುಂಟಿಕೊಪ್ಪ, ಕಕ್ಕಡ ಮಾಸ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಮತ್ತು ತೋಟದ ವಿಚಾರಗಳನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ. ನಿನ್ನ ಪತ್ರದ ಕೊನೆಯಲ್ಲಿದ್ದ ಒಂದು ಮಾತು ಮೂರು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ‘ನಾನು ತಿದ್ದುತ್ತಿರುವ ಸಾಲುಗಳು ಬಹುಶಃ ಎಂದೂ ಓಡುವುದಿಲ್ಲ ದೊಡ್ಡಪ್ಪ, ಓಡಿದ ದಿನ ತಪ್ಪಾಗಿದ್ದರೆ ನನಗೆ ತಿಳಿಯುವುದೂ ಇಲ್ಲ’ ಎಂದು ಬರೆದಿದ್ದೀಯ. ಯಂತ್ರದ ಮೆಮೊರಿ, ಡಿಸ್ಕುಗಳನ್ನು ನಡೆಸುವ ಲಿನಕ್ಸ್ ಕರ್ನಲ್‌ನಲ್ಲಿ ಮೆಮೊರಿ ಸಿಗದೆ ಹೋದಾಗ ಮಾತ್ರ ಓಡುವ ಕೋಡಿನ ಸಾಲುಗಳ ಮಾತದು.

ಈ ಭಯ ಸುಳ್ಳೆಂದು ನಾನು ಹೇಳಲಾರೆ. ಲಿನಕ್ಸ್ ಕರ್ನಲ್‌ನಲ್ಲಿ ಎಂಟು ಪುಟಗಳವರೆಗಿನ, ಅಂದರೆ 4 ಕೆಬಿ ಪುಟದ ಲೆಕ್ಕದಲ್ಲಿ 32 ಕೆಬಿವರೆಗಿನ ಸಾಮಾನ್ಯ ಬೇಡಿಕೆಗೆ ಮೆಮೊರಿ ಇಲ್ಲವೆಂಬ ಉತ್ತರ ಬರುವುದೇ ಅಪರೂಪ. ಕರ್ನಲ್ ಹಳೆಯ ಪುಟಗಳನ್ನು ತೆರವು ಮಾಡುತ್ತದೆ, ಅದೂ ಸಾಲದಾದಾಗ ‘ಔಟ್ ಆಫ್ ಮೆಮೊರಿ’ ಅಥವಾ ಒಒಎಂ ಕಿಲ್ಲರ್ ಮೂಲಕ ಒಂದು ಪ್ರೋಗ್ರಾಮನ್ನೇ ಕೊಂದು ಜಾಗ ಮಾಡಿಕೊಡುತ್ತದೆ. ಹಾಗಾಗಿ ಮೆಮೊರಿ ಕೇಳುವ ಕೆಮ್ಯಾಲಾಕ್ ಬರಿಗೈಯಲ್ಲಿ ಮರಳಿದಾಗ ಹಿಡಿಯಬೇಕಾದ ದಾರಿಯಲ್ಲಿ ವರ್ಷಗಟ್ಟಲೆ ಯಾರೂ ನಡೆದಿರುವುದಿಲ್ಲ. ನೀನು ಕಳುಹಿಸಿದ, ಸಾಧನವೊಂದನ್ನು ನಡೆಸುವ ಡ್ರೈವರ್ ಕೋಡಿನ ತುಣುಕಿನಲ್ಲಿಯೂ ಅದೇ ಕಂಡಿತು: ಮೂರನೆಯ ಬೇಡಿಕೆ ವಿಫಲವಾದಾಗ ಜಿಗಿಯುವ ಲೇಬಲ್ ಮೊದಲನೆಯ ಬಫರನ್ನು, ಅಂದರೆ ಮೊದಲು ಪಡೆದ ಮೆಮೊರಿ ತುಂಡನ್ನು, ಮಾತ್ರ ಬಿಡುತ್ತದೆ, ಎರಡನೆಯದು ಅಲ್ಲಿಯೇ ಉಳಿಯುತ್ತದೆ, ಬೇರೆಯವರು ನಡುವೆ ಬಾರದಂತೆ ಹಿಡಿದ ಲಾಕ್ ಕೂಡ ಹಿಡಿದಂತೆಯೇ ಇರುತ್ತದೆ. ಹಿಡಿದ ಕ್ರಮಕ್ಕೆ ತಿರುಗುಮುರುಗಾಗಿ ಬಿಡಬೇಕೆಂಬುದು ನಿನಗೆ ಗೊತ್ತಿರುವುದೇ. ಬರೆದವರಿಗೂ ಗೊತ್ತಿತ್ತು, ಆದರೆ ಆ ಸಾಲು ಓಡಿದ್ದನ್ನು ಅವರು ನೋಡಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಡಿಸ್ಕ್ ಡ್ರೈವರ್ ಬರೆಯುತ್ತಿದ್ದಾಗ, ಡಿಸ್ಕಿಗೆ ಬರೆಯುವ ದಾರಿಯ ನಡುವೆ ಒಂದು ಸಣ್ಣ ಬಫರನ್ನು ಜಿಎಫ್‌ಪಿ ನೋಐಒ, ಅಂದರೆ ಜಾಗಕ್ಕಾಗಿ ಡಿಸ್ಕನ್ನು ಮುಟ್ಟಬೇಡ, ಎಂದು ಕೇಳಬೇಕಾದಲ್ಲಿ ಆ ತಡೆಯಿಲ್ಲದ ಜಿಎಫ್‌ಪಿ ಕರ್ನಲ್ ಎಂದು ಕೇಳಿದ್ದೆ. ಮೆಮೊರಿ ತುಂಬಿದಾಗ ಕರ್ನಲ್ ಜಾಗಕ್ಕಾಗಿ ಇನ್ನೂ ಬರೆಯದ ಪುಟಗಳನ್ನು ಡಿಸ್ಕಿಗೆ ಕಳುಹಿಸುತ್ತದೆ. ಆ ಬರಹ ನನ್ನ ಡ್ರೈವರಿಗೇ ಬರುತ್ತದೆ. ನನ್ನ ಡ್ರೈವರ್ ಬಫರ್ ಬೇಕೆಂದು ಪುನಃ ಕರ್ನಲ್‌ನ ಬಾಗಿಲಿನಲ್ಲಿಯೇ ಕಾಯುತ್ತದೆ. ಒಂದು ರಾತ್ರಿ ಗ್ರಾಹಕರ ಯಂತ್ರ ಹಾಗೆ ನಿಂತುಹೋಯಿತು. ಪಿಂಗ್‌ಗೆ ಅದು ಉತ್ತರಿಸುತ್ತಿತ್ತು, ಕನ್ಸೋಲಿನಲ್ಲಿ ಕರ್ಸರ್ ಮಿನುಗುತ್ತಿತ್ತು, ಲಾಗಿನ್ ಹೆಸರನ್ನು ಟೈಪ್ ಮಾಡಿದರೆ ಅಕ್ಷರಗಳೂ ಮೂಡುತ್ತಿದ್ದವು, ಎಂಟರ್ ಒತ್ತಿದ ಮೇಲೆ ಮಾತ್ರ ಏನೂ ಬರುತ್ತಿರಲಿಲ್ಲ. ಲಾಗ್ ಕಡತದಲ್ಲಿ ಒಂದು ಸಾಲೂ ಸಿಗಲಿಲ್ಲ, ಏಕೆಂದರೆ ಅದನ್ನು ಬರೆಯುವುದಕ್ಕೂ ಅದೇ ಡಿಸ್ಕ್ ಬೇಕಿತ್ತು.

ಕೇಬಲ್ ಸಡಿಲ ಬಿಟ್ಟಿದ್ದಾನೆಂದು ನನ್ನ ಕೈಕೆಳಗಿನ ಹುಡುಗನ ಮೇಲೆ ತಪ್ಪು ಹೊರಿಸಿದರು. ಎರಡು ತಿಂಗಳಾದ ಮೇಲೆ ನನ್ನ ಸಾಲೇ ಕಾರಣವೆಂಬುದು ನನಗೆ ಗೊತ್ತಾಯಿತು. ಮುಂದಿನ ಆವೃತ್ತಿಯಲ್ಲಿ ಸದ್ದಿಲ್ಲದೆ ತಿದ್ದಿ, ವಿವರದಲ್ಲಿ ‘ಸಣ್ಣ ಸುಧಾರಣೆ’ ಎಂದಷ್ಟೇ ಬರೆದೆ. ಅಷ್ಟರಲ್ಲಿ ಆ ಹುಡುಗ ಕೆಲಸ ಬಿಟ್ಟಿದ್ದ. ತಪ್ಪು ತನಗೆ ತಿಳಿಯದೇ ಹೋದೀತೆಂದು ನೀನು ಹೆದರುತ್ತೀಯ ಮಗಳೇ. ನನಗೆ ತಿಳಿದಿತ್ತು, ನಾನು ಬಾಯಿ ಬಿಡಲಿಲ್ಲ. ನಿನ್ನ ಸಾಲನ್ನು ಓದಿದಾಗ ನೆನಪಾದದ್ದು ಆ ಹುಡುಗನ ಮುಖ.

ಈ ಭಯ ನಿನ್ನೊಬ್ಬಳದೂ ಅಲ್ಲ. ಕೊಲ್ಲಲು ಆರಿಸಿದ ಪ್ರೋಗ್ರಾಮ್ ಒಂದು ಲಾಕ್‌ಗಾಗಿ ಕಾಯುತ್ತಿದ್ದು, ಆ ಲಾಕನ್ನು ಹಿಡಿದವನು ಮೆಮೊರಿಗಾಗಿ ಕಾಯುತ್ತಿದ್ದರೆ ಸಾಯಬೇಕಾದದ್ದು ಸಾಯಲಾರದೆ ಯಂತ್ರವೇ ಕಟ್ಟಿಹೋಗುತ್ತಿತ್ತು. ಅದಕ್ಕೆಂದೇ, ಸಾಯಬೇಕಾದ ಪ್ರೋಗ್ರಾಮಿನ ಮೆಮೊರಿಯನ್ನು ಅದು ಸಾಯುವ ಮೊದಲೇ ಕಿತ್ತುಕೊಳ್ಳುವ ಒಒಎಂ ರೀಪರ್ ಬಂದದ್ದು 2016ರಲ್ಲಿ, 4.6ನೆಯ ಆವೃತ್ತಿಯಲ್ಲಿ, ಲಿನಕ್ಸ್ ಹೊರಬಂದದ್ದು 1991ರಲ್ಲಿ. ಎಷ್ಟೋ ಅನುಭವಿಗಳ ಕಣ್ಣೆದುರಿಗೇ ಇದ್ದ ತೊಡಕು ಅಷ್ಟು ಕಾಲ ಉಳಿದಿತ್ತು.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಆದರೂ ಬರೆಯುತ್ತೇನೆ. ನಿನ್ನ ಅಜ್ಜ ಹೂಮಳೆ ಮುಗಿದ ಮೇಲೆ ಮೇಲಿನ ಬಸಿಗಾಲುವೆಯಿಂದ ಸಿಲ್ವರ್ ಓಕ್ ಎಲೆಗಳನ್ನು ತೆಗೆಸುತ್ತಿದ್ದರು. ಅಷ್ಟಕ್ಕೆ ಸುಮ್ಮನಾಗದೆ ಟ್ಯಾಂಕಿನ ನೀರನ್ನು ಬಿಟ್ಟು ಅದು ಎಲ್ಲಿ ನಿಲ್ಲುತ್ತದೆಂದು ಕೊಡೆ ಹಿಡಿದು ಹಿಂದೆಯೇ ನಡೆಯುತ್ತಿದ್ದರು. ನಿನ್ನ ಕೆಲಸಕ್ಕೂ ಅಂಥ ಉಪಾಯವಿದೆ. ಫೇಲ್‌ಸ್ಲ್ಯಾಬ್ ಎಂಬ ಕರ್ನಲ್ ಪರೀಕ್ಷಾ ಸೌಲಭ್ಯ ಬೇಕೆಂದೇ ಮೆಮೊರಿ ಬೇಡಿಕೆಗಳನ್ನು ವಿಫಲಗೊಳಿಸುತ್ತದೆ. ಫೇಲ್-ಎನ್ತ್ ಕಡತದಲ್ಲಿ 1 ಎಂದು ಬರೆದರೆ ಮೊದಲನೆಯದು, 2 ಎಂದರೆ ಎರಡನೆಯದು, ಹೀಗೆ ವಿಫಲಗೊಳಿಸಲು ಏನೂ ಉಳಿಯದವರೆಗೆ ಹೋಗಬಹುದು. ಜೊತೆಗೆ ಕೆಮೆಮ್‌ಲೀಕ್ ಹಾಕಿದರೆ ಬಿಡದೆ ಉಳಿದ ಬಫರ್ ಕಂಡೀತು, ಎಲ್ಲವೂ ಅಲ್ಲದಿರಬಹುದು. ಬೇಸತ್ತು ‘ಸಿಗುವವರೆಗೂ ಬಿಡಬೇಡ’ ಎನ್ನುವ ನೋಫೇಲ್ ಗುರುತು ಹಾಕಿ ಪಾರಾಗಬೇಡ. ಲಾಕ್ ಹಿಡಿದು ಹಾಗೆ ಕೇಳಿದರೆ ಆ ಕಾಯುವಿಕೆಗೆ ಕೊನೆಯೇ ಇಲ್ಲದಿರಬಹುದು. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು, ತಪ್ಪು ತಿಳಿಯಬೇಡ.

ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ತಿದ್ದುಪಡಿಯ ವಿವರದಲ್ಲಿ ಎಷ್ಟನೆಯ ಬೇಡಿಕೆ ವಿಫಲವಾದಾಗ ಏನು ಉಳಿದುಹೋಗುತ್ತಿತ್ತೆಂಬುದನ್ನು ಪೂರ್ತಿಯಾಗಿ ಬರೆ, ‘ಸಣ್ಣ ಸುಧಾರಣೆ’ ಎಂದು ಬರೆಯಬೇಡ. ಬರೆದದ್ದನ್ನು ನನಗೂ ಒಂದು ಪ್ರತಿ ಕಳುಹಿಸು. ಕರೆಂಟು ಬಂದ ಹೊತ್ತಿಗೆ ಓದುತ್ತೇನೆ.

ನಿನ್ನ ದೊಡ್ಡಪ್ಪ