ಇನ್ನೊಂದು ಶಿಬಿರ ಬೇಡ, ತಿಂಗಳು ತಿಂಗಳೂ ಮಾತ್ರೆ ಕೊಡಿ: ಆರೋಗ್ಯ ಸಚಿವರಿಗೆ ಮಂಡ್ಯ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಮ್ಮ ನಾಗಮಂಗಲ ಸೀಮೆಯಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಿಗೆ ಬರವಿಲ್ಲ. ನಾಯಕರ ಹುಟ್ಟುಹಬ್ಬವೋ, ಯಾವುದೋ ಸಂಘದ ವಾರ್ಷಿಕೋತ್ಸವವೋ ಬಂದರೆ ಶಾಲೆ ಮೈದಾನದಲ್ಲಿ ಶಾಮಿಯಾನ ಏಳುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಚೀಟಿ ಬರೆದು ಐದು ದಿನದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಬರುವ ಡಾಕ್ಟರುಗಳು, ನರ್ಸುಗಳು ಬಿಸಿಲಲ್ಲಿ ಕೂತು ಪ್ರಾಮಾಣಿಕವಾಗಿಯೇ ದುಡಿಯುತ್ತಾರೆ, ಅವರ ಮೇಲೆ ನನ್ನ ದೂರಿಲ್ಲ. ಆದರೆ ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದೇ ಮೊದಲ ಸಲ ತಿಳಿದುಕೊಂಡ ಹೆಂಗಸು ಆರನೇ ದಿನ ಯಾರ ಹತ್ತಿರ ಹೋಗಬೇಕು? ಆ ಹೊತ್ತಿಗೆ ಶಾಮಿಯಾನ ಬಿಚ್ಚಿ ಲಾರಿಗೆ ಹಾಕಿ ದಿನಗಳಾಗಿರುತ್ತವೆ. ಆ ಆರನೇ ದಿನದಿಂದ ಆಚೆಗಿನ ವರ್ಷಗಳ ಬಗ್ಗೆ ತಮ್ಮ ಹತ್ತಿರ ಮಾತಾಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಊರಿನ ಹೆಚ್ಚುಪಾಲು ಮನೆಯವರು ನನ್ನ ಮುಂದೆ ಹಾದು ಹೋಗುತ್ತಾರೆ. ಒಂದು ಮನೆಯ ಕ್ಯಾನು ಎರಡು ದಿನ ಬರಲಿಲ್ಲ ಅಂದರೆ ಹಸುವಿಗೆ ಹುಷಾರಿಲ್ಲ, ಇಲ್ಲವೇ ಹಾಲು ಕರೆಯುವ ಹೆಂಗಸಿಗೆ ಹುಷಾರಿಲ್ಲ. ಹಸುವಿಗಾದರೆ ನಾನು ಒಕ್ಕೂಟದ ಪಶುವೈದ್ಯರಿಗೆ ಫೋನ್ ಮಾಡುತ್ತೇನೆ, ತುರ್ತು ಎಂದರೆ ಕೊಟ್ಟಿಗೆ ಬಾಗಿಲಿಗೇ ಬರುತ್ತಾರೆ. ಹೆಂಗಸಿಗಾದರೆ ಯಾರಿಗೆ ಮಾಡಲಿ? 108 ಇದೆ. 2008ರಿಂದ ಅದು ಉಳಿಸಿರುವ ಜೀವಗಳು ನಮ್ಮ ಕಣ್ಣೆದುರೇ ಓಡಾಡುತ್ತಿವೆ. ಆದರೆ ಎದೆನೋವು, ಹೆರಿಗೆ, ಅಪಘಾತಕ್ಕೆ ಅದು ಬೇಕು. ಕಾಲು ಉರಿ, ಕಣ್ಣು ಮಂಜು, ಬಿಪಿ ಮಾತ್ರೆ ಮುಗಿದು ಮೂರು ವಾರ, ಇಂಥದ್ದಕ್ಕೆ ಆಂಬುಲೆನ್ಸ್ ಕರೆಯುವಂತಿಲ್ಲ, ಕರೆಯಲೂಬಾರದು.

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಜಿಲ್ಲೆಯ ಕಾಯಿಲೆ ಬೇರೆ ಇತ್ತು. ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ ಬಂದು ಗದ್ದೆಗೆ ನೀರು ಹರಿದ ಮೇಲೆ ಮಲೇರಿಯಾ ಕಾಡಿತು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅದರ ಬೆನ್ನು ಹತ್ತಿ ಕೆಲಸ ಮಾಡಿತು. ಆಮೇಲೆ ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಎಂದು ಹೇಳಿದ 1946ರ ಭೋರ್ ಸಮಿತಿ ವರದಿ, ಅದರ ದಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ, ಕಾಡು ಮತ್ತು ಗುಡ್ಡಗಾಡಿನಲ್ಲಿ 20,000ಕ್ಕೆ ಮತ್ತು 3,000ಕ್ಕೆ ಎಂದು ಲೆಕ್ಕ ಹಾಕಿದರು. ಸಿಡುಬು ಹೋಯಿತು, ಪೋಲಿಯೊ ಹೋಯಿತು, ಮನೆಯಲ್ಲಿ ಹೆರುವುದು ಬಹುಮಟ್ಟಿಗೆ ನಿಂತಿತು. ದೊಡ್ಡ ಕೆಲಸ ಅದು.

ಈಗ ಊರಿಗೆ ಬಂದಿರುವ ಕಾಯಿಲೆಗಳು ಬಂದು ಹೋಗುವ ಜಾತಿಯವಲ್ಲ. ಬಿಪಿ, ಶುಗರ್ ಒಮ್ಮೆ ಒಳಗೆ ಬಂದರೆ ಸಾಯುವ ತನಕ ಜೊತೆಗಿರುತ್ತವೆ. ದಿನಾ ಮಾತ್ರೆ ನುಂಗಿದರೆ ಗದ್ದೆ ಕೆಲಸ ಮಾಡಿಕೊಂಡು, ಮೊಮ್ಮಕ್ಕಳ ಮದುವೆ ನೋಡಿಕೊಂಡು ಇರಬಹುದು. ಬಿಟ್ಟರೆ ಲಕ್ವ, ಕಿಡ್ನಿ, ಕಣ್ಣು, ಕಾಲು. ಊರಿನ ಬಡವರಿಗೆ ಇದು ಗೊತ್ತಿಲ್ಲ ಎಂದು ನಗರದವರು ತಿಳಿದಿರಬಹುದು. ಚೆನ್ನಾಗಿಯೇ ಗೊತ್ತು. ಮಾತ್ರೆ ಸಿಗುವುದಿಲ್ಲ, ಅಷ್ಟೇ.

ಹೇಗೆ ಸಿಗುವುದಿಲ್ಲ ಎಂದು ಬಿಡಿಸಿ ಹೇಳುತ್ತೇನೆ. ಕೂಲಿ ಮಾಡುವ ಹೆಂಗಸೊಬ್ಬಳು ಆರೇಳು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾಳೆ. "ಹತ್ತು ದಿನಕ್ಕೆ ತಗೊಂಡು ಹೋಗಿ ಕಣಮ್ಮ, ಸ್ಟಾಕು ಬಂದ ಮೇಲೆ ಬನ್ನಿ" ಅನ್ನುತ್ತಾರೆ. ತಿಂಗಳಿಗೆ ಮೂರು ಸಲ ಹೋದರೆ ಮೂರು ದಿನದ ಕೂಲಿ ಹೋಯಿತು. ಅದರಲ್ಲಿ ಒಂದು ಸಲ ಬಿಪಿ ಮಾತ್ರೆ ಇದ್ದರೆ ಶುಗರ್ ಮಾತ್ರೆ ಇರುವುದಿಲ್ಲ, ಇನ್ನೊಂದು ಸಲ ಡಾಕ್ಟರು ಮೀಟಿಂಗಿಗೆ ಹೋಗಿರುತ್ತಾರೆ. ಅವಳು ಸೋಮಾರಿಯಲ್ಲ, ಲೆಕ್ಕ ಬಲ್ಲವಳು. ಮೈಯಲ್ಲಿ ಏನೂ ನೋವಿಲ್ಲದ ಕಾಯಿಲೆಗೆ ಮೂರು ದಿನದ ಕೂಲಿ ಕಳೆದುಕೊಳ್ಳುವುದನ್ನು ನಿಲ್ಲಿಸುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ಉಳಿದು, ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಗೋ ಮೈಸೂರಿನ ದೊಡ್ಡಾಸ್ಪತ್ರೆಗೋ ಹೋಗಿ ತರುವ ಹೆಂಗಸರಿದ್ದಾರೆ. ಹದಿನೈದಿಪ್ಪತ್ತು ಮಾತ್ರೆಗಾಗಿ ಬೆಳಗಿನ ಬಸ್ಸು ಹತ್ತಿ ಕತ್ತಲಾದ ಮೇಲೆ ಇಳಿಯುತ್ತಾರೆ. ಜನೌಷಧಿ ಅಂಗಡಿಯಲ್ಲಿ ಈ ಸಾಮಾನ್ಯ ಮಾತ್ರೆಗಳ ಬೆಲೆ ಒಂದಕ್ಕೆ ಒಂದೆರಡು ರೂಪಾಯಿ. ಅಷ್ಟು ಅಗ್ಗದ ವಸ್ತುವನ್ನು ಅವಳ ಊರಿಗೆ ಮುಟ್ಟಿಸಲು ನಮ್ಮಿಂದ ಆಗುತ್ತಿಲ್ಲ ಎನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ನಮ್ಮ ಸಂಘಕ್ಕೆ ಹಾಲು ಹಾಕುತ್ತಿದ್ದ ಒಬ್ಬರ ವಿಷಯ ಹೇಳಲೇಬೇಕು. ಇಪ್ಪತ್ತು ಗುಂಟೆ ಖುಷ್ಕಿ, ಎರಡು ಹಸು. ಶುಗರ್ ಇದೆ ಎಂದು ಶಿಬಿರದಲ್ಲೇ ತಿಳಿದದ್ದು. ಒಂದಷ್ಟು ದಿನ ಮಾತ್ರೆ ನುಂಗಿದರು, ಸಿಗದಿದ್ದಾಗ ಬಿಟ್ಟರು, ಯಾರೋ ಹೇಳಿದ ಕಷಾಯ ಕುಡಿದರು. ಕಳೆ ಕೀಳುವಾಗ ಹೆಬ್ಬೆರಳಿಗೆ ಆದ ಗಾಯ ಮಾಯಲಿಲ್ಲ. "ಚೆಂದಾಗಿದ್ದೀನಿ ಬುಡಿ" ಅನ್ನುತ್ತಲೇ ಇದ್ದರು. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಬಿಪಿಎಲ್ ಕಾರ್ಡ್ ಇತ್ತು, ಆಪರೇಷನ್ ಖರ್ಚನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಭರಿಸಿತು. ಆ ಉಪಕಾರವನ್ನು ಆ ಮನೆಯವರು ಇವತ್ತಿಗೂ ನೆನೆಯುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಜೊತೆಗಿದ್ದವರ ಊಟ, ಓಡಾಟ, ಹೊರಗಿನಿಂದ ತರಿಸಿದ ಔಷಧಿ, ನಿಂತುಹೋದ ಕೂಲಿ, ಇದಕ್ಕೆಲ್ಲ ಮೈಕ್ರೋ ಫೈನಾನ್ಸ್ ಸಾಲ ಆಯಿತು. ವಾರದ ಕಂತು ಕಟ್ಟಲು ಒಂದೊಂದಾಗಿ ಎರಡೂ ಹಸು ಮಾರಿದರು.

ಸರ್ಕಾರದ ಖಜಾನೆಯೂ ಆ ಆಪರೇಷನ್ನಿಗೆ ದುಡ್ಡು ಕೊಟ್ಟಿತು, ಮಾನ್ಯರೇ. ಅದಕ್ಕೆ ತಗುಲಿದ ಹಣದಲ್ಲಿ ಆ ಮನುಷ್ಯನಿಗೆ ಬದುಕಿರುವಷ್ಟು ಕಾಲ ಮಾತ್ರೆ ಕೊಡಬಹುದಿತ್ತು, ಕಾಲೂ ಉಳಿಯುತ್ತಿತ್ತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂಬ ಭರವಸೆ ಬಹಳ ದೊಡ್ಡದು. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ನಮ್ಮ ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯೂ ಹಾಗೆಯೇ. 2003ರಲ್ಲಿ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂತು. ನಾನೇ ಸದಸ್ಯರ ಅರ್ಜಿ ತುಂಬಿಸಿದ್ದೇನೆ, ಅದರಿಂದ ಹೃದಯದ ಆಪರೇಷನ್ ಆದವರೂ ನಮ್ಮ ಕಡೆ ಇದ್ದಾರೆ. ಹಸುವಿಲ್ಲದ, ಜಮೀನಿಲ್ಲದ, ಯಾವ ಸಹಕಾರ ಸಂಘದಲ್ಲೂ ಷೇರಿಲ್ಲದ ಕೂಲಿಯವರು ಅದರ ಹೊರಗೇ ಉಳಿಯುತ್ತಾರೆ ಎನ್ನುವುದು ಒಂದು ಕೊರತೆ. ಅದಕ್ಕಿಂತ ದೊಡ್ಡದು, ಕಾಯಿಲೆ ಬಿಗಡಾಯಿಸುವ ತನಕ ಈ ಕಾರ್ಡುಗಳು ಕೆಲಸಕ್ಕೆ ಬರುವುದಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಆರೋಗ್ಯದ ಹಣದಲ್ಲಿ ಮೂರನೇ ಎರಡು ಪಾಲು ಅಥವಾ ಹೆಚ್ಚು ಪ್ರಾಥಮಿಕ ಆರೈಕೆಗೆ ಹೋಗಬೇಕು ಎಂದಿದೆ. ತಮ್ಮ ಬಜೆಟ್ಟಿನಲ್ಲಿ ಆ ಪಾಲು ಎಷ್ಟು ಎಂದು ಪ್ರತಿ ವರ್ಷ ಒಂದು ಸಾಲಿನಲ್ಲಿ ಜನಕ್ಕೆ ತಿಳಿಸಿ ಎಂದು ಕೇಳಿಕೊಳ್ಳುತ್ತೇನೆ.

ತಮ್ಮ ಇಲಾಖೆಯ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾದಾಗ ನನಗೆ ಬಹಳ ಆಸೆ ಹುಟ್ಟಿತು. 30 ದಾಟಿದವರ ಮನೆಗೇ ಹೋಗಿ ಬಿಪಿ, ಶುಗರ್ ನೋಡುವುದು ಸರಿಯಾದ ದಾರಿ. ಆದರೆ ಅದು ಕಾಯಿಲೆ ಪತ್ತೆ ಮಾಡಿ ರಿಜಿಸ್ಟರಿನಲ್ಲಿ ಬರೆಯುವಲ್ಲಿಗೆ ನಿಂತರೆ ಮನೆ ಮನೆಗೆ ಬಂದ ಶಿಬಿರ ಆದಂತೆ, ಅಷ್ಟೇ. ಪತ್ತೆಯಾದ ಪ್ರತಿಯೊಬ್ಬರಿಗೂ ತಿಂಗಳ ಪೂರ್ತಿ ಮಾತ್ರೆ ಉಪಕೇಂದ್ರದಲ್ಲೇ, ಅವರ ಹೆಸರಿಗೇ ಎತ್ತಿಟ್ಟಿರಬೇಕು. ಒಂದು ತಿಂಗಳು ಬಂದು ತೆಗೆದುಕೊಳ್ಳದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಲು ಒಬ್ಬರು ಇರಬೇಕು.

ಕೇಳುವವರು ಯಾರು? ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ, ಯಾರಿಗೆ ತಿಂಗಳು ತುಂಬಿದೆ ಎಂಬುದೆಲ್ಲ ಬಾಯಿಪಾಠವಾಗಿ ಗೊತ್ತಿರುವ ಹೆಣ್ಣುಮಗಳು. ಕೊರೊನಾ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಬಾಗಿಲು ತಟ್ಟಿದವರು ಅವರು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿ ಖಾತ್ರಿ ಎಂಬ ಮಾತು ಸರ್ಕಾರದಿಂದ ಬಂತು. ಆ ಮಾತು ಪೂರ್ತಿಯಾಗಿ, ತಪ್ಪದೆ ಅವರ ಖಾತೆಗೆ ಮುಟ್ಟಬೇಕು. ಮಾಡಿದ ಕೆಲಸ ಪೋರ್ಟಲಿನಲ್ಲಿ ಎಂಟ್ರಿ ಆಗಲಿಲ್ಲ ಎಂದು ಪ್ರೋತ್ಸಾಹಧನ ನಿಲ್ಲುವುದು ಅನ್ಯಾಯ. ಊರಿಗೆ ಗೊತ್ತಿರುವ ಒಬ್ಬಳ ಕಣ್ಣು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ 2023ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ನಡೆದ ಭ್ರೂಣಲಿಂಗ ಪತ್ತೆ ಜಾಲವನ್ನು ನೆನೆದರೆ ಸಾಕು. ಪ್ರತಿ ಬಸುರಿಯ ಜೊತೆಗೂ ಮೊದಲ ತಿಂಗಳಿಂದ ಬಾಣಂತನದ ತನಕ ಒಬ್ಬರು ನಿಂತಿದ್ದರೆ ಅಂಥ ದಂಧೆಗೆ ಅಷ್ಟು ಸಲೀಸು ದಾರಿ ಸಿಗುವುದಿಲ್ಲ.

ಇನ್ನು ಡಾಕ್ಟರು, ನರ್ಸುಗಳ ವಿಷಯ. ಕಡ್ಡಾಯ ಗ್ರಾಮೀಣ ಸೇವೆಯ 2012ರ ಕಾಯ್ದೆಯಿಂದ ಹೊಸ ಡಾಕ್ಟರುಗಳು ಬಂದರು, ವರ್ಷ ತುಂಬಿದ ದಿನ ಹೊರಟರು. ಕಲಿಯುವ ವಯಸ್ಸಿನ ಹುಡುಗರು, ಅವರನ್ನು ಬೈದು ಪ್ರಯೋಜನವಿಲ್ಲ. ನಮಗೆ ಬೇಕಿರುವುದು ಐದು ವರ್ಷ ನಿಲ್ಲುವವರು. ನರ್ಸು, ಲ್ಯಾಬ್ ಟೆಕ್ನಿಷಿಯನ್ನು, ಸಮುದಾಯ ಆರೋಗ್ಯ ಅಧಿಕಾರಿ ಎಷ್ಟೋ ಕಡೆ ಗುತ್ತಿಗೆಯ ಮೇಲೆ ಇದ್ದಾರೆ. ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುವ ಕಾಯಂ ನೌಕರರಿಗಿಂತ ಬಹಳ ಕಡಿಮೆ ಸಂಬಳ. ಬೆಂಗಳೂರಿನಲ್ಲಿ ಎರಡು ಸಾವಿರ ಹೆಚ್ಚು ಸಿಕ್ಕರೆ ಅವರು ಹೋಗುತ್ತಾರೆ, ಹೋಗಲೇಬೇಕು. ತಾಲ್ಲೂಕಿನ ನರ್ಸಿಂಗ್ ಓದಿದ ಹೆಣ್ಣುಮಕ್ಕಳನ್ನು ಇದೇ ತಾಲ್ಲೂಕಿಗೆ ಕಾಯಂ ಮಾಡಿ, ವಾಸಕ್ಕೆ ಸೋರದ ಕ್ವಾರ್ಟರ್ಸ್ ಕೊಡಿ.

ಇದು ಆಗದ ಮಾತೇನಲ್ಲ. ಯಳಂದೂರು ತಾಲ್ಲೂಕು ಇನ್ನೂ ಮೈಸೂರು ಜಿಲ್ಲೆಯಲ್ಲಿದ್ದಾಗ, 1996ರಲ್ಲಿ, ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡು, ಸಿಬ್ಬಂದಿ ಅಲ್ಲೇ ಉಳಿಯುವಂತೆ ಮಾಡಿ ನಡೆಸಿ ತೋರಿಸಿತು. 1984ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಯುವ ಡಾಕ್ಟರುಗಳು ಆಮೇಲೆ ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಮಾಡಿದ್ದೂ ಅದನ್ನೇ, ಜನರ ನಡುವೆ ನಿಂತರು. ನಮ್ಮ ಮಂಡ್ಯದ ಡಾ. ಶಂಕರೇಗೌಡರು ಐದು ರೂಪಾಯಿಗೆ ರೋಗಿ ನೋಡುತ್ತಾ ಬಂದದ್ದು ನಾಡಿಗೇ ಗೊತ್ತು. ಈ ಹಿರಿಯರಿಗೆ ನಾವು ಕೈ ಮುಗಿಯುತ್ತೇವೆ. ಆದರೆ ಒಬ್ಬ ಪುಣ್ಯವಂತ ಹುಟ್ಟಿದ ಊರಿನಲ್ಲಿ ಮಾತ್ರ ಬಡವನಿಗೆ ಔಷಧಿ ಸಿಗಬೇಕೇ? ಅವರಿಂದ ಕಲಿತದ್ದನ್ನು ಸರ್ಕಾರ ತನ್ನ ಎಲ್ಲ ಕೇಂದ್ರಗಳಲ್ಲೂ ತಾನೇ ಮಾಡಬೇಕು.

ಮತ್ತೆ ನನ್ನ ಡೈರಿ ವಿಷಯಕ್ಕೆ ಬರುತ್ತೇನೆ. ಮಳೆ ಬರಲಿ, ಹಬ್ಬ ಬರಲಿ, ಎರಡು ಹೊತ್ತೂ ನಮ್ಮ ಸಂಘದ ಬಾಗಿಲು ತೆರೆಯುತ್ತದೆ. ಬಟವಾಡೆ ಒಂದು ವಾರ ತಡವಾದರೆ ನನ್ನ ಕುತ್ತಿಗೆ ಪಟ್ಟಿ ಹಿಡಿಯುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ವರ್ಷಕ್ಕೊಮ್ಮೆ ಆಡಿಟ್ ಆದ ಲೆಕ್ಕವನ್ನು ಮಹಾಸಭೆಯಲ್ಲಿ ಓದಬೇಕು, ಅಕ್ಷರ ಬಾರದ ಅಜ್ಜಿಯೂ ಎದ್ದು ಪ್ರಶ್ನೆ ಕೇಳುತ್ತಾಳೆ. ಗೆಜ್ಜಲಗೆರೆಯ ಜಿಲ್ಲಾ ಹಾಲು ಒಕ್ಕೂಟದ ತನಕ ಇದೇ ಸರಪಳಿ. ಆರೋಗ್ಯ ಕೇಂದ್ರಕ್ಕೆ ಇಂಥ ಕೇಳುವ ಜನ ಎಲ್ಲಿದ್ದಾರೆ? ಆರೋಗ್ಯ ರಕ್ಷಾ ಸಮಿತಿ ಇದೆ, ಹಳ್ಳಿಗೆ ಗ್ರಾಮ ಆರೋಗ್ಯ ನೈರ್ಮಲ್ಯ ಪೌಷ್ಟಿಕ ಸಮಿತಿ ಇದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಎಂದು ಗೊತ್ತುಮಾಡಿದ್ದಾರೆ. ನಮ್ಮೂರಿನಲ್ಲಿ ಅದರ ಸಭೆ ಯಾವಾಗ ಆಯಿತು, ಹಣ ಎಲ್ಲಿ ಹೋಯಿತು ಎಂದು ಊರಿನಲ್ಲಿ ಯಾರಿಗೂ ತಿಳಿಯದು. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಚುನಾವಣೆ 2016ರಲ್ಲಿ ಆದದ್ದು, 2021ರಲ್ಲಿ ಅವಧಿ ಮುಗಿಯಿತು. ಹೊಸ ಸದಸ್ಯರ ಆಯ್ಕೆಯಿಲ್ಲದೆ ಅಧಿಕಾರಿಗಳ ಕೈಯಲ್ಲೇ ಆಡಳಿತ ನಡೆಯಿತು. ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯ್ತಿಯ ಕೆಳಗೆ ಬರುತ್ತವೆ. ಬೀಗ ಹಾಕಿದ ಉಪಕೇಂದ್ರದ ಮುಂದೆ ನಿಂತು ಫೋನ್ ಮಾಡಲು ನಮ್ಮದೊಬ್ಬ ಸದಸ್ಯ ಇರಬೇಕು. ಚುನಾವಣೆ ತಮ್ಮ ಇಲಾಖೆಯ ವಿಷಯವಲ್ಲ ಎಂದು ಬಲ್ಲೆ, ಆದರೂ ಸಂಪುಟದಲ್ಲಿ ತಮ್ಮ ಮಾತಿಗೆ ತೂಕವಿದೆ.

ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ನಮ್ಮ ನಾಗಮಂಗಲ ತಾಲ್ಲೂಕೊಂದರಲ್ಲೇ ಎರಡು ವರ್ಷ ಮಾಡಿ ನೋಡಿ. ಬಿಪಿ, ಶುಗರ್ ಇರುವ ಎಲ್ಲರಿಗೂ ಒಂದೇ ಸಲಕ್ಕೆ 30 ದಿನದ ಮಾತ್ರೆ, ಉಪಕೇಂದ್ರದ ಗೋಡೆಯ ಮೇಲೆ ಯಾವ ಮಾತ್ರೆ ಎಷ್ಟಿದೆ ಎಂದು ವಾರ ವಾರ ಬರೆಯುವ ಬೋರ್ಡು, ಗ್ರಾಮಸಭೆಯಲ್ಲಿ ಆರು ತಿಂಗಳಿಗೊಮ್ಮೆ ಲೆಕ್ಕ. ನಮ್ಮ ಸಂಘದ ಕಟ್ಟಡ ಬೆಳಗಿನ ಹಾಲು ಹೋದ ಮೇಲೆ ಸಂಜೆಯ ತನಕ ಖಾಲಿ ಇರುತ್ತದೆ. ಕರೆಂಟಿದೆ, ನೀರಿದೆ, ಶುಚಿಯಾಗಿದೆ. ಉಪಕೇಂದ್ರ ದೂರವಿರುವ ನಮ್ಮಂಥ ಊರುಗಳಿಗೆ ವಾರಕ್ಕೊಂದು ದಿನ ನರ್ಸಮ್ಮ ಬಂದು ಕೂರುವುದಾದರೆ ಒಂದು ಕೋಣೆ ಬಿಟ್ಟುಕೊಡಲು ನಮ್ಮ ಆಡಳಿತ ಮಂಡಳಿ ಒಪ್ಪಿದೆ. ಮೇಜು, ಕುರ್ಚಿ, ಬೀಗವಿರುವ ಬೀರು ನಾವೇ ಕೊಡುತ್ತೇವೆ, ಬಾಡಿಗೆ ಬೇಡ. ಯಾರಿಗೆ ಅರ್ಜಿ ಕೊಡಬೇಕು ಎಂದು ತಮ್ಮ ಕಚೇರಿಯಿಂದ ತಿಳಿಸಿದರೆ ಆ ವಾರವೇ ನಿರ್ಣಯದ ಪ್ರತಿ ಕಳಿಸುತ್ತೇನೆ.

ವಂದನೆಗಳೊಂದಿಗೆ,

ಕಾರ್ಯದರ್ಶಿ,
ಹಾಲು ಉತ್ಪಾದಕರ ಸಹಕಾರ ಸಂಘ,
ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ